ಅಮ್ಮನ ಕ್ರಿಯಾಟಿನಿನ್ 1.8. ಅದರ ಅರ್ಥ ನಮಗೆ ಗೊತ್ತಾಗಿದ್ದು ಎಂಟು ತಿಂಗಳ ಮೇಲೆ

ಕೊಪ್ಪದ_ಮಗಳು · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇದು ಔಷಧಿ ಕೇಳುವ ಪೋಸ್ಟ್ ಅಲ್ಲ. ದಯವಿಟ್ಟು ಯಾರೂ ಕಷಾಯ, ಪುಡಿ ಹೇಳಬೇಡಿ. ಅದರಲ್ಲೇ ಸಾಕಷ್ಟು ಬೆಂದಿದ್ದೇವೆ.

ಅಮ್ಮನಿಗೆ 64 ವರ್ಷ. ಕೊಪ್ಪದ ಹತ್ತಿರ ತೋಟದ ಮನೆಯಲ್ಲಿದ್ದಾರೆ. ಶುಗರ್ ಬಂದು ಹದಿನೈದು ವರ್ಷ, ಬಿಪಿ ಹತ್ತು ವರ್ಷ. ನಾನು ಬೆಂಗಳೂರಿನಲ್ಲಿ. ಹೋದ ವರ್ಷ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.8 ಬಂತು. ಡಾಕ್ಟರ್ ಹೇಳಿದ್ದು ಇಷ್ಟೇ: "ಕಿಡ್ನಿ ಸ್ವಲ್ಪ ವೀಕ್ ಆಗಿದೆ. ಉಪ್ಪು ಕಮ್ಮಿ ಮಾಡಿ. ಮೂರು ತಿಂಗಳು ಬಿಟ್ಟು ಬನ್ನಿ." ಅಮ್ಮ ತಲೆಯಾಡಿಸಿದರು. ಪಕ್ಕದಲ್ಲಿದ್ದ ನಾನೂ ತಲೆಯಾಡಿಸಿದೆ.

ಆಮೇಲೆ ಅಮ್ಮ ಮಾಡಿದ್ದು ಕೇಳಿ. ಉಪ್ಪು ಕಮ್ಮಿ ಮಾಡಬೇಕಲ್ಲ, ಅಂಗಡಿಯವರನ್ನು ಕೇಳಿ "ಲೋ ಸೋಡಿಯಂ" ಉಪ್ಪಿನ ಪ್ಯಾಕೆಟ್ ತಂದರು. ದುಪ್ಪಟ್ಟು ಬೆಲೆ. ಕಿಡ್ನಿಗೆ ತಂಪಾಗಲಿ ಅಂತ ದಿನಾ ಬೆಳಿಗ್ಗೆ ಒಂದು ಎಳನೀರು. ಪಕ್ಕದ ಮನೆಯವರು ಹೇಳಿದರು ಅಂತ ವಾರಕ್ಕೆರಡು ಸಲ ಬಾಳೆದಿಂಡಿನ ರಸ. ಮಂಡಿ ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ. ಮೂರು ತಿಂಗಳಿಗೆ ಹೋಗಬೇಕಿದ್ದವರು ಅಡಿಕೆ ಕೊಯ್ಲು ಅಂತ ಹೋಗಲಿಲ್ಲ. ಎಂಟನೇ ತಿಂಗಳು ಸುಸ್ತು, ಕಾಲಲ್ಲಿ ಶಕ್ತಿಯೇ ಇಲ್ಲ. ಆಸ್ಪತ್ರೆಗೆ ಸೇರಿಸಿದಾಗ ಪೊಟ್ಯಾಸಿಯಂ 6.1. ಹೃದಯ ನಿಲ್ಲುವ ಅಪಾಯವಿತ್ತು ಅಂದರು.

ಅಲ್ಲಿನ ಡಾಕ್ಟರ್ ಒಂದು ಹಾಳೆಯಲ್ಲಿ ಬರೆದು ತೋರಿಸಿದರು. ಆ ಉಪ್ಪಿನ ಪ್ಯಾಕೆಟ್‌ನಲ್ಲಿ ಸೋಡಿಯಂ ಕಮ್ಮಿ ಮಾಡಿ ಅದರ ಜಾಗಕ್ಕೆ ಹಾಕಿರುವುದೇ ಪೊಟ್ಯಾಸಿಯಂ ಕ್ಲೋರೈಡ್. ಎಳನೀರಿನಲ್ಲಿ ಪೊಟ್ಯಾಸಿಯಂ. ಬಾಳೆದಿಂಡಿನಲ್ಲೂ ಅದೇ. ಬಿಪಿಗೆ ಕೊಟ್ಟ ಟೆಲ್ಮಿಸಾರ್ಟನ್ ಕಿಡ್ನಿಗೆ ಒಳ್ಳೆಯದು, ಆದರೆ ಅದೂ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತದೆ. ನೋವಿನ ಮಾತ್ರೆ ಕಿಡ್ನಿಯನ್ನೂ ಕೆಡಿಸಿತು, ಪೊಟ್ಯಾಸಿಯಂ ಹೊರಹೋಗುವ ದಾರಿಯನ್ನೂ ಮುಚ್ಚಿತು. ಐದೂ ಒಟ್ಟಿಗೆ ಸೇರಿದವು.

ಅಮ್ಮ ಯಾರ ಮಾತನ್ನೂ ಮೀರಲಿಲ್ಲ. ಎಲ್ಲರ ಮಾತನ್ನೂ ಕೇಳಿದರು. ಅದಕ್ಕೇ ಹೀಗಾಯಿತು. ನನ್ನ ಪ್ರಶ್ನೆ: ಕಿಡ್ನಿ ಕಾಯಿಲೆಯ ವಿಷಯದಲ್ಲಿ ನಿಮಗೆ ಅರ್ಥವಾಗದೆ ಹೋದ ಮಾತು ಯಾವುದು? ಅದು ಕೊನೆಗೆ ಹೇಗೆ ಅರ್ಥವಾಯಿತು?

—

ವಾರಕ್ಕೆಮೂರು · ಭಾನುವಾರ ರಾತ್ರಿ 10:15

ತಂಗೀ, ನಾನು ಮಂಡ್ಯ ಕಡೆಯವನು. ಐದು ವರ್ಷದಿಂದ ಡಯಾಲಿಸಿಸ್. ಹೆಸರು ನೋಡಿದರೇ ಗೊತ್ತಾಗುತ್ತಲ್ಲ.

ನನಗೆ ಅರ್ಥವಾಗದೇ ಇದ್ದದ್ದು ಆ ಚುಕ್ಕಿ. 1.8ರ ಚುಕ್ಕಿ. ನನಗೂ ಮೊದಲು ಬಂದದ್ದು ಹೆಚ್ಚುಕಮ್ಮಿ ಅಷ್ಟೇ. ಶುಗರ್ ನೂರರ ಲೆಕ್ಕದಲ್ಲಿ ಬರುತ್ತದೆ, 250 ಅಂದರೆ ಎದೆ ಧಸಕ್ ಅನ್ನುತ್ತದೆ. ಇದೇನು, ಎರಡು ಕೂಡ ಆಗಿಲ್ಲ! ಇಷ್ಟಕ್ಕೆ ಯಾರು ಹೆದರುತ್ತಾರೆ? ಮುಂದಿನ ವರ್ಷ 2.6 ಆಯಿತು. ಮುಕ್ಕಾಲು ಪಾಯಿಂಟ್ ತಾನೇ ಅಂದುಕೊಂಡೆ. ಆ ಮುಕ್ಕಾಲು ಪಾಯಿಂಟಿನಲ್ಲಿ ಎಷ್ಟು ಕಿಡ್ನಿ ಹೋಯಿತು ಅಂತ ಈಗ ಗೊತ್ತು.

ಇನ್ನೊಂದು. ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು ಅಂಕಿ, ಕಮ್ಮಿಯಾದಷ್ಟೂ ಕೆಟ್ಟದು) 16 ಇದ್ದಾಗ ಡಾಕ್ಟರ್ "ಕೈಗೆ ಫಿಸ್ಟುಲಾ ಮಾಡಿಸಿಕೊಂಡು ಬಿಡಿ" ಅಂದರು. ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸುವ ಸಣ್ಣ ಆಪರೇಷನ್. ನಾನು ಒಪ್ಪಲಿಲ್ಲ. ಮಾಡಿಸಿಕೊಂಡರೆ ಡಯಾಲಿಸಿಸ್‌ಗೆ ಹೂಂ ಅಂದಂತೆ ಅಂತ ತಿಳಿದಿದ್ದೆ. ಅದು ಬಲಿಯೋಕೆ ಆರು ವಾರದಿಂದ ಕೆಲವು ತಿಂಗಳು ಬೇಕು, ಅದಕ್ಕೇ ಮುಂಚೆ ಮಾಡುತ್ತಾರೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಹೇಳಿದ್ದರೂ ಹೆದರಿಕೆಯಲ್ಲಿ ನನ್ನ ಕಿವಿಗೆ ಬೀಳಲಿಲ್ಲವೇನೋ. ಕೊನೆಗೆ ಉಸಿರು ಕಟ್ಟಿ ರಾತ್ರಿ ಎರಡು ಗಂಟೆಗೆ ಹೋದೆ. ಕುತ್ತಿಗೆಗೆ ಕೊಳವೆ ಹಾಕಿದರು. ಅದು ಇನ್ಫೆಕ್ಷನ್ ಆಗಿ ಹದಿನೆಂಟು ದಿನ ಆಸ್ಪತ್ರೆ.

ಈಗ ದಿನಾ ಎದ್ದ ಕೂಡಲೇ ಎಡಗೈ ಕಿವಿಗೆ ಇಟ್ಟುಕೊಳ್ಳುತ್ತೇನೆ. ಝುಂಯ್ ಅನ್ನುತ್ತದೆ. ಆ ಸದ್ದು ಇದ್ದರೆ ಕಾಫಿ. ಇಲ್ಲದಿದ್ದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡೋಕೆ, ಸೂಜಿ ಚುಚ್ಚೋಕೆ ಯಾರಿಗೂ ಬಿಡುವುದಿಲ್ಲ.

—

ಲ್ಯಾಬ್_ಕೋಟು · ಭಾನುವಾರ ರಾತ್ರಿ 11:02

ದಾವಣಗೆರೆ. ಲ್ಯಾಬ್ ಟೆಕ್ನಿಷಿಯನ್, 14 ವರ್ಷ.

ಅಣ್ಣ ಹೇಳಿದ ಚುಕ್ಕಿಯ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. ಕ್ರಿಯಾಟಿನಿನ್ ಅಂದರೆ ಸ್ನಾಯುಗಳಿಂದ ಬರುವ ಕಸ. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಸ್ನಾಯು ಜಾಸ್ತಿ ಇದ್ದವರಲ್ಲಿ ಕಸವೂ ಜಾಸ್ತಿ. ಹಾಗಾಗಿ ಒಂದೇ ಅಂಕಿ ಇಬ್ಬರಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. 30 ವರ್ಷದ ಗಂಡಸಿಗೆ 1.3 ಬಂದರೆ ಈಗ ಬಳಸುವ ಸೂತ್ರದಲ್ಲಿ ಇಜಿಎಫ್‌ಆರ್ ಸುಮಾರು 76. ಅದೇ 1.3 ಅಂಕಿ 68 ವರ್ಷದ ಹೆಂಗಸಿಗೆ ಬಂದರೆ ಸುಮಾರು 45. ಒಬ್ಬರು ಹೆಚ್ಚುಕಮ್ಮಿ ಆರಾಮು, ಇನ್ನೊಬ್ಬರ ಕಿಡ್ನಿ ಅರ್ಧಕ್ಕಿಂತ ಕೆಳಗೆ. ರಿಪೋರ್ಟ್ ಮೇಲೆ ಇಬ್ಬರಿಗೂ ಅದೇ 1.3. ಆ ಅಜ್ಜಿ "ನಾರ್ಮಲ್‌ಗಿಂತ ಚೂರು ಜಾಸ್ತಿ ಅಷ್ಟೇ" ಅಂದುಕೊಂಡು ಮನೆಗೆ ಹೋಗುತ್ತಾರೆ.

ಕೊಪ್ಪದ ಅಕ್ಕನ ತಾಯಿಯ ಲೆಕ್ಕ ಈಗ ಹಾಕಿ ನೋಡಿದೆ. 64 ವರ್ಷ, 1.8. ಇಜಿಎಫ್‌ಆರ್ ಸುಮಾರು 31. "ಸ್ವಲ್ಪ ವೀಕ್" ಅನ್ನುವ ಮಾತಿಗೆ ಇದು ಹೊಂದುವುದಿಲ್ಲ.

ಇನ್ನೊಂದು ಪರೀಕ್ಷೆ ಇದೆ. ಮೂತ್ರದಲ್ಲಿ ಅಲ್ಬುಮಿನ್ ಎಷ್ಟು ಸೋರುತ್ತಿದೆ ಅಂತ ನೋಡುವುದು, ಎಸಿಆರ್ ಅನ್ನುತ್ತಾರೆ. 30ರ ಒಳಗಿದ್ದರೆ ಸರಿ. ಶುಗರ್ ಇರುವವರಲ್ಲಿ ಕ್ರಿಯಾಟಿನಿನ್ ಏರುವ ಎಷ್ಟೋ ವರ್ಷ ಮೊದಲೇ ಇದು ಏರುತ್ತದೆ. ವರ್ಷಕ್ಕೊಮ್ಮೆ ಮಾಡಿಸಬೇಕು. ನಮ್ಮ ಲ್ಯಾಬಿಗೆ ಶುಗರ್ ಪರೀಕ್ಷೆಗೆ ಬರುವವರ ಸಾಲು ಬಾಗಿಲಾಚೆ ಇರುತ್ತದೆ. ಎಸಿಆರ್ ಚೀಟಿ ಹಿಡಿದು ಬರುವವರು ಅಪರೂಪ.

—

ನೇರಮಾತು · ಸೋಮವಾರ ಬೆಳಿಗ್ಗೆ 8:20

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದರಲ್ಲಿ ನಮ್ಮದೂ ತಪ್ಪಿಲ್ಲವಾ? ಕೈಯಲ್ಲಿ ಫೋನ್ ಇದೆ. ಎಲ್ಲ ಗೂಗಲ್‌ನಲ್ಲಿದೆ. ಕನ್ನಡದಲ್ಲೇ ಸಾವಿರ ವಿಡಿಯೋ ಇವೆ. ಸೀರಿಯಲ್ ನೋಡೋಕೆ ಟೈಮ್ ಇದೆ, ಇದನ್ನು ನೋಡೋಕೆ ಇಲ್ಲ.

—

ವಾರ್ಡ್_ಅಕ್ಕ · ಸೋಮವಾರ ಬೆಳಿಗ್ಗೆ 9:05

ನೇರಮಾತು ಅವರೇ, ಆ ಸಾವಿರ ವಿಡಿಯೋ ನೋಡಿದವರೇ ನಮ್ಮ ಯೂನಿಟ್‌ಗೆ ಬರುವುದು! ನಾನು ಸರ್ಕಾರಿ ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದಲ್ಲಿ ನರ್ಸ್.

"ಏಳು ದಿನದಲ್ಲಿ ಕ್ರಿಯಾಟಿನಿನ್ ಇಳಿಸಿ" ಅನ್ನುವ ವಿಡಿಯೋ ನೋಡಿ ಒಬ್ಬರು ಒಂದೂವರೆ ತಿಂಗಳು ಬರೀ ಗಂಜಿ, ಹಣ್ಣಿನಲ್ಲಿದ್ದರು. ಬೇಳೆ ಕೂಡ ಇಲ್ಲ. ಕ್ರಿಯಾಟಿನಿನ್ ನಿಜವಾಗಿಯೂ ಇಳಿಯಿತು. ಅವರಿಗೆ ಖುಷಿಯೋ ಖುಷಿ. ಆದರೆ ಲ್ಯಾಬ್‌ನವರು ಮೇಲೆ ಬರೆದಿದ್ದಾರಲ್ಲ, ಅದು ಸ್ನಾಯುವಿನಿಂದ ಬರುವುದು. ಅವರ ತೊಡೆ, ತೋಳು ಕರಗಿ ಹೋಗಿದ್ದವು. ಕಿಡ್ನಿ ಇದ್ದಲ್ಲೇ ಇತ್ತು. ಅಂಕಿ ಓದೋಕೆ ಬಂದರೆ ಸಾಲದು, ಆ ಅಂಕಿ ಯಾಕೆ ಇಳಿಯಿತು ಅಂತ ಗೊತ್ತಿರಬೇಕಲ್ವಾ.

ಓದಿದವರು, ಓದದವರು ಅನ್ನುವ ಭೇದ ಇದರಲ್ಲಿ ನನಗೆ ಅಷ್ಟಾಗಿ ಕಂಡಿಲ್ಲ. ಇಂಜಿನಿಯರ್ ಒಬ್ಬರು ಬೆಂಗಳೂರಿನಿಂದ ಬರುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಗ್ರಾಫ್ ಹಾಕಿದ್ದರು. ಆದರೆ ಫಾಸ್ಫರಸ್ ಮಾತ್ರೆಯನ್ನು ಊಟವಾಗಿ ಎರಡು ಗಂಟೆ ಬಿಟ್ಟು ನುಂಗುತ್ತಿದ್ದರು! ಅದು ಊಟದ ಜೊತೆಯಲ್ಲೇ ಹೊಟ್ಟೆಗೆ ಹೋಗಿ, ಊಟದಲ್ಲಿರುವ ಫಾಸ್ಫರಸ್ಸನ್ನು ಅಲ್ಲೇ ಹಿಡಿದಿಟ್ಟುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಚೀಟಿಯಲ್ಲಿ "ಊಟದ ನಂತರ" ಅಂತ ಇತ್ತು, ಅವರು ಅದನ್ನು ಚಾಚೂ ತಪ್ಪದೆ ಮಾಡಿದರು.

ಇನ್ನೊಂದು ನಗುವ ಕಥೆ, ನಗಬಾರದ ಕಥೆ ಕೂಡ. ಚೀಟಿಯಲ್ಲಿ ದಿನಕ್ಕೆ ಎರಡು ಸಲ ಅನ್ನೋಕೆ ಡಾಕ್ಟರುಗಳು ಎರಡು ಇಂಗ್ಲಿಷ್ ಅಕ್ಷರ ಬರೆಯುತ್ತಾರೆ, ಬಿ ಮತ್ತು ಡಿ. ಮೆಡಿಕಲ್ ಶಾಪಿನ ಹುಡುಗ ಮಾತ್ರೆ ಕೊಡುತ್ತಾ "ಇದು ಬಿಡಿ" ಅಂದಿದ್ದಾನೆ. ಅಜ್ಜ ಬಿಟ್ಟುಬಿಟ್ಟರು. ಬಿಪಿ ಮಾತ್ರೆ ಅದು. ಮತ್ತೆ ಬಂದಾಗ ಬಿಪಿ 200ರ ಮೇಲೆ. "ಯಾಕಜ್ಜಾ ತಗೊಂಡಿಲ್ಲ?" ಅಂದರೆ, "ನಿಮ್ಮವರೇ ಬಿಡಿ ಅಂದರಲ್ಲವ್ವ" ಅಂತ ನನ್ನನ್ನೇ ಕೇಳಿದರು.

—

ಲ್ಯಾಬ್_ಕೋಟು · ಸೋಮವಾರ ಬೆಳಿಗ್ಗೆ 9:11

ಅಯ್ಯೋ. ದಿನಕ್ಕೊಂದು ಸಲದ್ದು "ಓಡಿ" ಅಲ್ವಾ ಹಾಗಾದರೆ. ಅದನ್ನು ಕೇಳಿ ಯಾರೂ ಓಡಿ ಹೋಗಲಿಲ್ಲವಾ ಅಕ್ಕಾ?

—

ನಿವೃತ್ತ_ಮೇಷ್ಟ್ರು · ಸೋಮವಾರ ಬೆಳಿಗ್ಗೆ 11:30

ನನಗೆ 71. ಧಾರವಾಡ. ವಿಜ್ಞಾನ ಪಾಠ ಮಾಡಿದವನು. ನನಗೂ ಸಿಕೆಡಿ, ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಇದೆ, ಇಜಿಎಫ್‌ಆರ್ 50ರ ಆಸುಪಾಸು. ಶುಗರ್ ಇಲ್ಲ.

ನೋಡಿ, ಹೆಸರಿನಿಂದಲೇ ತೊಡಕು ಶುರು. ನಮ್ಮ ಹಳೆಯ ಪಠ್ಯದಲ್ಲಿ ಕಿಡ್ನಿಗೆ ಮೂತ್ರಜನಕಾಂಗ ಅಂತ, ಲಿವರ್‌ಗೆ ಪಿತ್ತಜನಕಾಂಗ ಅಂತ ಇತ್ತು. ಜೊತೆಗೆ ಮೂತ್ರಕೋಶ, ಪಿತ್ತಕೋಶ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ್ದೇನೆ. ಈ ನಾಲ್ಕನ್ನು ಅದಲುಬದಲು ಮಾಡದ ಮಕ್ಕಳು ಕಡಿಮೆ. ಆ ಮಕ್ಕಳೇ ಈಗ ಐವತ್ತು ದಾಟಿ ಆಸ್ಪತ್ರೆ ಸಾಲಿನಲ್ಲಿ ನಿಂತಿದ್ದಾರೆ. ಮೊನ್ನೆ ಆಸ್ಪತ್ರೆಯಲ್ಲಿ ಒಂದು ಕನ್ನಡ ಕರಪತ್ರ ಕೊಟ್ಟರು. "ಪೊಟ್ಯಾಸಿಯಂಯುಕ್ತ ಆಹಾರವನ್ನು ವರ್ಜಿಸಿ." ಕನ್ನಡವೇನೋ ಹೌದು. ಪೊಟ್ಯಾಸಿಯಂ ಯಾವ ಡಬ್ಬಿಯಲ್ಲಿರುತ್ತದೆ ಅಂತ ನನ್ನ ಹೆಂಡತಿ ಕೇಳಿದಳು. ಎಳನೀರು, ಬಾಳೆಹಣ್ಣು, ಟೊಮೇಟೊ ಸಾರು, ಒಣಹಣ್ಣು ಅಂತ ನಾಲ್ಕು ಹೆಸರು ಬರೆದಿದ್ದರೆ ಮುಗಿಯುತ್ತಿತ್ತು.

ಹಾಗಂತ ನಾನೇನು ದೊಡ್ಡ ಬುದ್ಧಿವಂತನಲ್ಲ. ನನಗೆ ಡಾಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆ ಬರೆದರು. ಅಂಗಡಿಯವನು "ಸರ್, ಇದು ಶುಗರ್ ಮಾತ್ರೆ, ನಿಮಗೆ ಶುಗರ್ ಇದೆಯಾ?" ಅಂದ. ಇಲ್ಲ ಅಂದೆ. "ಹಾಗಾದರೆ ಸುಮ್ನೆ ಯಾಕೆ?" ಅಂದ. ನಾಲ್ಕು ತಿಂಗಳು ತಗೊಳ್ಳಲಿಲ್ಲ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನು! ಅದು ಹುಟ್ಟಿದ್ದು ಶುಗರ್ ಮಾತ್ರೆಯಾಗಿಯೇ. ಶುಗರ್ ಇಲ್ಲದವರ ಕಿಡ್ನಿಯನ್ನೂ ಕಾಯುತ್ತದೆ ಅಂತ 2020ರ ದೊಡ್ಡ ಅಧ್ಯಯನದಲ್ಲಿ ತಿಳಿಯಿತಂತೆ. ಅದೇ ವರ್ಷ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆಯೂ ಇಳಿಯಿತು. ಇದನ್ನು ಡಾಕ್ಟರ್ ಮುಂದಿನ ಸಲ ಒಂದೇ ನಿಮಿಷದಲ್ಲಿ ಹೇಳಿದರು. ಆ ಒಂದು ನಿಮಿಷ ಮೊದಲೇ ಸಿಕ್ಕಿದ್ದರೆ!

—

ಹಸಿರೇ_ಉಸಿರು · ಸೋಮವಾರ ಮಧ್ಯಾಹ್ನ 1:45

ಎಲ್ಲರೂ ಒಂದು ವಿಷಯ ಮುಚ್ಚಿಡುತ್ತಿದ್ದೀರಿ. ಇಂಗ್ಲಿಷ್ ಮಾತ್ರೆ ತಿಂದೇ ಕಿಡ್ನಿ ಹೋಗುವುದು. ನಮ್ಮ ಅಜ್ಜ ಅಜ್ಜಿಗೆ ಡಯಾಲಿಸಿಸ್ ಇತ್ತಾ? ಗಿಡಮೂಲಿಕೆಯಲ್ಲಿ ಸೈಡ್ ಎಫೆಕ್ಟ್ ಇಲ್ಲ.

—

ವಾರ್ಡ್_ಅಕ್ಕ · ಸೋಮವಾರ ಮಧ್ಯಾಹ್ನ 2:30

ನಿಮ್ಮ ಮಾತಿನಲ್ಲಿ ಕಾಲು ಭಾಗ ನಿಜ. ನೋವಿನ ಮಾತ್ರೆಗಳು, ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೋಫೆನಾಕ್ ಇಂಥವು, ಕಿಡ್ನಿ ಕಾಯಿಲೆ ಇರುವವರಿಗೆ ಕೆಟ್ಟವೇ. ಆದರೆ ಜನ ಏನು ಮಾಡುತ್ತಾರೆ ಗೊತ್ತಾ? ಅವನ್ನು ನುಂಗುತ್ತಲೇ ಇರುತ್ತಾರೆ, ಬಿಪಿ ಮಾತ್ರೆ ಬಿಡುತ್ತಾರೆ. "ಪವರ್ ಜಾಸ್ತಿ, ಕಿಡ್ನಿಗೆ ಹೊಡೆಯುತ್ತೆ" ಅಂತ. ಕಾಯುವುದನ್ನು ಬಿಟ್ಟು ಕೆಡಿಸುವುದನ್ನು ಇಟ್ಟುಕೊಳ್ಳುತ್ತಾರೆ.

ಇನ್ನು ಗಿಡದ ಮಾತು. ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಅಂತ ಇದೆ. ಅದು ಕಿಡ್ನಿಯನ್ನು ಒಣಗಿಸಿಬಿಡುತ್ತದೆ, ಕ್ಯಾನ್ಸರ್ ಕೂಡ ತರುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಅದೇ ಜಾತಿಯ ಗಿಡ ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹೋಯಿತು. ಗಿಡ ಅಂದ ಮಾತ್ರಕ್ಕೆ ಸೌಮ್ಯ ಅಲ್ಲ. ಅಜ್ಜ ಅಜ್ಜಿಗೆ ಡಯಾಲಿಸಿಸ್ ಯಾಕೆ ಇರಲಿಲ್ಲ ಅಂದರೆ, ಊರಲ್ಲಿ ಯಂತ್ರವೇ ಇರಲಿಲ್ಲ. "ಮೈ ಊದಿಕೊಂಡು ಹೋದರು" ಅಂತ ಹೇಳುತ್ತಿದ್ದರಲ್ಲ, ಅವರಲ್ಲಿ ಕೆಲವರು ಇವರೇ ಇದ್ದಿರಬೇಕು.

—

ಕುಡ್ಲದ_ಜನ · ಸೋಮವಾರ ಸಂಜೆ 5:10

ನಮ್ಮ ಕಡೆ ಬಿಂಬುಳಿ ಅಂತ ಹುಳಿ ಕಾಯಿ ಇದೆ. ಆರೋಗ್ಯವಾಗಿರುವವರು ಮೀನು ಸಾರಿಗೆ ಎರಡು ಹಾಕಿದರೆ ಏನೂ ಆಗುವುದಿಲ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಯಾರೋ ಹಬ್ಬಿಸಿ ಜನ ಅದರ ರಸ ಲೋಟಗಟ್ಟಲೆ ಕುಡಿದರು. ಕೇರಳದಲ್ಲಿ ಹೀಗೆ ಕುಡಿದ ಹತ್ತು ಜನರ ಕಿಡ್ನಿ ಇದ್ದಕ್ಕಿದ್ದಂತೆ ಕೆಟ್ಟದ್ದು 2013ರಲ್ಲಿ ವೈದ್ಯರ ಪತ್ರಿಕೆಯಲ್ಲಿ ಬಂದಿತ್ತು. ಅದರಲ್ಲಿರುವ ಆಕ್ಸಲೇಟ್ ಹರಳಾಗಿ ಕಿಡ್ನಿಯಲ್ಲಿ ಕೂರುತ್ತದೆ.

ಅದರ ಅಣ್ಣ ದಾರೆಹುಳಿ, ನಕ್ಷತ್ರದ ಥರ ಇರುತ್ತಲ್ಲ, ಅದು ಕಿಡ್ನಿ ಕಾಯಿಲೆಯವರಿಗೆ ಇನ್ನೂ ಕೆಟ್ಟದು. ಅದರಲ್ಲಿರುವ ವಿಷವನ್ನು ಕೆಟ್ಟ ಕಿಡ್ನಿ ಹೊರಹಾಕುವುದಿಲ್ಲ, ಅದು ಮಿದುಳಿಗೆ ಏರುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ಕೊಪ್ಪದ ಅಕ್ಕಾ, ನಿಮ್ಮ ಹಿತ್ತಲಲ್ಲಿ ಮರ ಇದೆಯಾ?

—

ಕೊಪ್ಪದ_ಮಗಳು · ಸೋಮವಾರ ಸಂಜೆ 6:00

ಇದೆ. ಬಾವಿಯ ಪಕ್ಕ. ಅಮ್ಮ ಅದರ ಉಪ್ಪಿನಕಾಯಿ ಹಾಕುತ್ತಾರೆ. ಈಗಲೇ ಫೋನ್ ಮಾಡುತ್ತೇನೆ.

—

ತುಮಕೂರು_ಸೊಸೆ · ಸೋಮವಾರ ರಾತ್ರಿ 8:50

ಅಡುಗೆ ಮನೆಯ ಮಾತು ಯಾರೂ ಆಡಲಿಲ್ಲ, ನಾನು ಆಡುತ್ತೇನೆ. ಮಾವನಿಗೆ ಕಿಡ್ನಿ ತೊಂದರೆ, ನಾಲ್ಕನೇ ಹಂತ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಯಟ್ ಚಾರ್ಟ್ ಕೊಟ್ಟರು. ಬೆಳಿಗ್ಗೆ ಬ್ರೆಡ್ ಟೋಸ್ಟ್, ಹನ್ನೊಂದಕ್ಕೆ ಸೇಬು, ಮಧ್ಯಾಹ್ನ ಫುಲ್ಕಾ. ಮುದ್ದೆ ಅನ್ನುವ ಪದವೇ ಇಲ್ಲ. ಎಪ್ಪತ್ತು ವರ್ಷ ಮುದ್ದೆ ಉಂಡ ಮನುಷ್ಯ ಟೋಸ್ಟ್ ಕಚ್ಚಿಕೊಂಡು ಅಳುವುದೊಂದು ಬಾಕಿ. ಮೂರನೇ ದಿನಕ್ಕೆ ಚಾರ್ಟ್ ಕ್ಯಾಲೆಂಡರ್ ಹಿಂದೆ ಹೋಯಿತು.

ಚಾರ್ಟ್‌ನಲ್ಲಿ ಒಂದು ಸಾಲು ಇತ್ತು. "ತರಕಾರಿ, ಸೊಪ್ಪನ್ನು ಜಾಸ್ತಿ ನೀರಿನಲ್ಲಿ ಬೇಯಿಸಿ ನೀರು ಬಸಿಯಿರಿ." ಪೊಟ್ಯಾಸಿಯಂ ನೀರಿಗೆ ಇಳಿದು ಹೋಗುತ್ತದಂತೆ. ನನಗೆ ಖುಷಿಯಾಯಿತು. ಬಸಿಯುವುದು ನಮಗೆ ಗೊತ್ತಿಲ್ಲದ್ದಾ? ವಾರಕ್ಕೆ ಮೂರು ದಿನ ಬಸ್ಸಾರು ಮಾಡುವ ಮನೆ! ಸೊಪ್ಪು, ಕಾಳು ಬೇಯಿಸಿದೆ, ಬಸಿದೆ, ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಸಾರು. ಮಾವನಿಗೆ ಎರಡು ಸೌಟು ಜಾಸ್ತಿಯೇ ಬಡಿಸಿದೆ.

ಎರಡು ತಿಂಗಳಾದರೂ ಪೊಟ್ಯಾಸಿಯಂ ಇಳಿಯಲಿಲ್ಲ. ಡಯಟಿಷಿಯನ್ ಮೇಡಂ "ನೀರು ಬಸಿಯುತ್ತಿದ್ದೀರಾ?" ಅಂದರು. ಹೌದು ಅಂದೆ. ನಾನು ಸುಳ್ಳು ಹೇಳಲಿಲ್ಲ. ಅವರೂ ತಪ್ಪು ಕೇಳಲಿಲ್ಲ. ನಾಲ್ಕನೇ ಸಲ ಹೋದಾಗ ಬೇರೊಬ್ಬರು ಇದ್ದರು, ಹಾಸನದ ಕಡೆಯವರು. ಅವರು ಕೇಳಿದ್ದು, "ಬಸಿದ ನೀರು ಏನು ಮಾಡುತ್ತೀರಿ?"

ಈಗ ಮಾವನ ಪಾಲಿಗೆ ಬಸಿದ ಸೊಪ್ಪಿನ ಪಲ್ಯ, ಅಳತೆಯ ಮುದ್ದೆ. ಬಸಿದ ನೀರು ತೆಂಗಿನ ಮರಕ್ಕೆ. ಸಾರು ಬೇರೆ, ತೆಳ್ಳಗೆ. ಉಪ್ಪು ಇಡೀ ದಿನಕ್ಕೆ, ಎಲ್ಲ ಸೇರಿ, ಒಂದು ಟೀ ಚಮಚದ ಒಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಅದರ ಲೆಕ್ಕದಲ್ಲೇ ಬರುತ್ತವೆ. "ಅನ್ನಕ್ಕೆ ಉಪ್ಪು ಹಾಕಿಲ್ಲ, ಹಾಗಾಗಿ ಉಪ್ಪಿನಕಾಯಿ ನಡೆಯುತ್ತೆ" ಅನ್ನುವುದು ನಮ್ಮತ್ತೆಯ ಗಣಿತ. ಅದನ್ನು ಮುರಿಯೋಕೆ ವರ್ಷ ಹಿಡಿಯಿತು.

—

ಕೊಪ್ಪದ_ಮಗಳು · ಸೋಮವಾರ ರಾತ್ರಿ 9:30

ಬಸ್ಸಾರಿನ ಕಥೆ ಓದಿ ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ನಮ್ಮದೂ ಇದೇ ಅಲ್ವಾ, ಹೇಳಿದ್ದನ್ನು ಮಾಡಿ ಕೆಟ್ಟದ್ದು.

ಲ್ಯಾಬ್‌ನವರೇ, ನಿಮ್ಮ 31ರ ಲೆಕ್ಕ ಹಿಡಿದುಕೊಂಡು ಅಮ್ಮನಿಗೆ ವಿವರಿಸೋಕೆ ಹೋದೆ. "ಕಿಡ್ನಿಗೆ ನೂರಕ್ಕೆ 31 ಮಾರ್ಕ್ಸ್ ಬಂದಿದೆ ಅಂತ ತಿಳಿದುಕೋ" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಲದಲ್ಲಿ 35 ಬಂದರೆ ತಾನೇ ಪಾಸು? ಹಾಗಾದರೆ ಫೇಲ್ ಆಯ್ತು. ಡಯಾಲಿಸಿಸ್ ಶುರುವಾ?" ಅಂದರು. ರಾತ್ರಿ ನಿದ್ದೆ ಮಾಡಿಲ್ಲವಂತೆ. ಎಸ್ಸೆಸ್ಸೆಲ್ಸಿ ನೆನಪಾಗುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಇನ್ನೊಂದು, ನೀರಿನ ವಿಷಯ. ಒಬ್ಬರು ಜಾಸ್ತಿ ಕುಡಿಯಿರಿ ಅನ್ನುತ್ತಾರೆ, ಒಬ್ಬರು ಅಳೆದು ಕುಡಿಯಿರಿ ಅನ್ನುತ್ತಾರೆ. ಯಾವುದು ಸರಿ?

—

ವಾರಕ್ಕೆಮೂರು · ಸೋಮವಾರ ರಾತ್ರಿ 10:05

ಅಮ್ಮನಿಗೆ ಹೇಳು ತಂಗಿ, 31ಕ್ಕೆ ಯಾರೂ ಡಯಾಲಿಸಿಸ್ ಮಾಡುವುದಿಲ್ಲ. 15ರ ಕೆಳಗೆ ಹೋದರೂ ಕೂಡಲೇ ಮಾಡುವುದಿಲ್ಲ. ಎಷ್ಟೋ ಜನ 31ರಲ್ಲೇ ವರ್ಷಗಟ್ಟಲೆ ನಿಲ್ಲಿಸಿಕೊಂಡಿದ್ದಾರೆ. ನಾನು ನಿಲ್ಲಿಸಿಕೊಳ್ಳಲಿಲ್ಲ, ಅದು ಬೇರೆ ಮಾತು.

ನೀರು: ಎರಡೂ ಸರಿ, ಬೇರೆ ಬೇರೆಯವರಿಗೆ. ಕಿಡ್ನಿ ಕಲ್ಲು ಇರುವವರಿಗೆ ಜಾಸ್ತಿ ಕುಡಿ ಅನ್ನುತ್ತಾರೆ. ನಮ್ಮ ಊರಲ್ಲಿ ಕಿಡ್ನಿ ಅಂದ ಕೂಡಲೇ ಎಲ್ಲರಿಗೂ ಕಲ್ಲೇ ನೆನಪಾಗುವುದು. ಬಾಳೆದಿಂಡು, ಹುರುಳಿ ಕಟ್ಟು, ದಿನಕ್ಕೆ ನಾಲ್ಕು ಲೀಟರ್ ನೀರು. ನನ್ನಂಥವನು ಅದನ್ನು ಮಾಡಿದರೆ ಶ್ವಾಸಕೋಶಕ್ಕೆ ನೀರು ತುಂಬಿ ಸಾಯುತ್ತೇನೆ. ನನಗೆ ಮೂತ್ರವೇ ಬರುವುದಿಲ್ಲವಲ್ಲ. ಕುಡಿದ ಒಂದು ಲೀಟರ್ ಮೈಯಲ್ಲಿ ಒಂದು ಕೆ.ಜಿ. ಆಗಿ ನಿಲ್ಲುತ್ತದೆ, ಮುಂದಿನ ಡಯಾಲಿಸಿಸ್‌ವರೆಗೂ. ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ಎಳೆದು ತೆಗೆಯುವಾಗ ಕಾಲು ಸೆಳೆತ ಬಂದು ಜೀವ ಬಾಯಿಗೆ ಬರುತ್ತದೆ.

ನನ್ನ ಉಪಾಯ: ಬೆಳಿಗ್ಗೆ ಒಂದು ಲೀಟರಿನ ಬಾಟಲಿ ತುಂಬಿಸಿಡುತ್ತೇನೆ. ಕಾಫಿ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲುತ್ತೇನೆ. ಮಜ್ಜಿಗೆ, ಸಾರು, ಗಂಜಿ ಎಲ್ಲದಕ್ಕೂ ಹಾಗೇ. ಬಾಟಲಿ ಖಾಲಿಯಾದರೆ ಅವತ್ತಿನ ಲೆಕ್ಕ ಮುಗಿಯಿತು. ನನ್ನ ಅಳತೆ ಅಮ್ಮನಿಗೆ ಬೇಡ. ಅವರಿಗೆ ಮೂತ್ರ ಚೆನ್ನಾಗಿ ಹೋಗುತ್ತಿದ್ದು ಊತ ಇಲ್ಲದಿದ್ದರೆ ಅಳೆಯುವ ಅಗತ್ಯವೇ ಇರಲಿಕ್ಕಿಲ್ಲ. ಅವರ ಡಾಕ್ಟರನ್ನೇ "ನಮ್ಮಮ್ಮನಿಗೆ ಎಷ್ಟು ಲೋಟ?" ಅಂತ ಕೇಳಿ. ಲೀಟರ್ ಕೇಳಬೇಡಿ.

—

ನಿವೃತ್ತ_ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 7:15

ಮಗಳೇ, ಮಾರ್ಕ್ಸ್ ಬಿಡು. ಜರಡಿ ಅಂತ ಹೇಳು. ತೋಟದ ಮನೆಯವರಿಗೆ ಜರಡಿ ಗೊತ್ತು. ದಿನಕ್ಕೆ ಸುಮಾರು 180 ಲೀಟರ್ ಸೋಸುವ ಜರಡಿ. ಶುಗರ್, ಬಿಪಿಯಿಂದ ಕೆಲವು ಕಣ್ಣು ಹರಿದು ಒಳ್ಳೆಯದು ಸೋರುತ್ತದೆ. ಮೂತ್ರದಲ್ಲಿ ನೊರೆ ಬರುವುದು ಅದಕ್ಕೆ. ಕೆಲವು ಕಣ್ಣು ಮುಚ್ಚಿಕೊಂಡು ಕಸ ಒಳಗೇ ನಿಲ್ಲುತ್ತದೆ. ಕ್ರಿಯಾಟಿನಿನ್ ಏರುವುದು ಅದಕ್ಕೆ. ಹರಿದ ಜರಡಿಯನ್ನು ಹೊಸದು ಮಾಡೋಕಾಗುವುದಿಲ್ಲ, ಇನ್ನಷ್ಟು ಹರಿಯದಂತೆ ನೋಡಿಕೊಳ್ಳಬಹುದು.

—

ನೇರಮಾತು · ಮಂಗಳವಾರ ಬೆಳಿಗ್ಗೆ 10:40

ನಿನ್ನೆ ನಾನು ಬರೆದದ್ದು ಸ್ವಲ್ಪ ಜೋರಾಯಿತು. ಬಸ್ಸಾರಿನ ಪೋಸ್ಟ್ ನಮ್ಮಮ್ಮನಿಗೆ ಓದಿ ಹೇಳಿದೆ. "ಅದರಲ್ಲೇನು ತಪ್ಪು, ಬಸಿದ ನೀರು ಚೆಲ್ಲುತ್ತಾರಾ ಯಾರಾದರೂ?" ಅಂದರು.

ಆದರೂ ಒಂದು ಕೇಳುತ್ತೇನೆ. ಡಾಕ್ಟರುಗಳು ಯಾಕೆ ಬಿಡಿಸಿ ಹೇಳುವುದಿಲ್ಲ?

—

ವಾರ್ಡ್_ಅಕ್ಕ · ಮಂಗಳವಾರ ಮಧ್ಯಾಹ್ನ 3:20

ಹೊರರೋಗಿ ವಿಭಾಗದ ಬಾಗಿಲಲ್ಲಿ ಒಂದು ದಿನ ನಿಂತು ನೋಡಿ. ಒಬ್ಬರು ಕೂತು ಎದ್ದೇಳುವಷ್ಟರಲ್ಲಿ ಇನ್ನೊಬ್ಬರು ಕುರ್ಚಿ ಹಿಡಿದಿರುತ್ತಾರೆ. ಡಾಕ್ಟರಿಗೆ ಮನಸ್ಸಿಲ್ಲ ಅಂತಲ್ಲ. ಆದರೆ ಪೂರ್ತಿ ಸಮಯದ ಮೇಲೇ ಹಾಕೋಕೂ ನಾನು ತಯಾರಿಲ್ಲ. ನಾವು ಕೇಳುವ ಪ್ರಶ್ನೆಯೇ ತಪ್ಪು. "ಅರ್ಥ ಆಯ್ತಾ?" ಅಂತ ಕೇಳುತ್ತೇವೆ. ಆಗಿಲ್ಲ ಅಂತ ಯಾರು ಹೇಳುತ್ತಾರೆ? ದೊಡ್ಡವರ ಮುಂದೆ ಹೂಂ ಅನ್ನುವುದೇ ಮರ್ಯಾದೆ ಅಂತ ಬೆಳೆದವರು ನಾವೆಲ್ಲ.

2022ರ ವಿಶ್ವ ಕಿಡ್ನಿ ದಿನದ ವಿಷಯವೇ ಇದಾಗಿತ್ತು, ಕಿಡ್ನಿ ಬಗ್ಗೆ ತಿಳಿವಳಿಕೆಯ ಅಂತರ ತುಂಬುವುದು. ಅವತ್ತು ನಮ್ಮಲ್ಲೂ ಬ್ಯಾನರ್ ಕಟ್ಟಿದರು, ಭಾಷಣ ಆಯಿತು, ಬಿಸ್ಕತ್ತು ಹಂಚಿದರು. ಉಪ್ಪಿನ ಬಿಸ್ಕತ್ತು. ನನಗೆ ಉಪಯೋಗವಾದದ್ದು ಒಬ್ಬ ಹಿರಿಯ ಡಾಕ್ಟರ್ ಚಹಾ ಕುಡಿಯುತ್ತಾ ಹೇಳಿದ ಮಾತು. "ಅರ್ಥ ಆಯ್ತಾ ಅಂತ ಕೇಳಬೇಡಮ್ಮ. ಹೇಳಿದ್ದನ್ನು ಅವರ ಬಾಯಲ್ಲೇ ವಾಪಸ್ ಹೇಳಿಸು."

ಅವತ್ತಿನಿಂದ ನಾನು ಕೇಳುವುದು ಹೀಗೆ: "ಮನೆಗೆ ಹೋದ ಮೇಲೆ ಸೊಸೆ ಕೇಳುತ್ತಾಳೆ, ನರ್ಸಮ್ಮ ಏನು ಹೇಳಿದರು ಅಂತ. ಏನು ಹೇಳುತ್ತೀರಿ?" ಆಗ ಹೊರಬರುತ್ತದೆ ನೋಡಿ. ಫಾಸ್ಫರಸ್ ಮಾತ್ರೆ, "ಬಿಡಿ" ಅಜ್ಜ, ಎಲ್ಲ ಹಾಗೇ ಸಿಕ್ಕಿದ್ದು. ಕೊಪ್ಪದವರೇ, ನೀವೂ ಡಾಕ್ಟರ ಮುಂದೆ ಇದನ್ನು ಮಾಡಬಹುದು. "ಡಾಕ್ಟ್ರೇ, ನಾನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ" ಅಂತ. ಯಾರೂ ಬೈಯುವುದಿಲ್ಲ. ಬೈದರೂ ಕೇಳಿ.

ವಾಂತಿ ಭೇದಿ ಆದ ದಿನ ಏನು ಮಾಡಬೇಕು ಅಂತಲೂ ಈಗಲೇ ಕೇಳಿಟ್ಟುಕೊಳ್ಳಿ. ಮೈಯಲ್ಲಿ ನೀರು ಕಮ್ಮಿಯಾದಾಗ ಕೆಲವು ಬಿಪಿ, ಶುಗರ್ ಮಾತ್ರೆ ಎರಡು ದಿನ ನಿಲ್ಲಿಸಬೇಕಾಗಬಹುದು. ಯಾವುದು, ಯಾವಾಗ ಮತ್ತೆ ಶುರು ಅಂತ ಬರೆಸಿಕೊಳ್ಳಿ. ಅಮ್ಮನಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತಲೂ ಕೇಳಿ. ಎಡಗೈ ರಕ್ತನಾಳಗಳನ್ನು ಆದಷ್ಟು ಚುಚ್ಚಿಸಬೇಡಿ, ಮುಂದೆ ಫಿಸ್ಟುಲಾಗೆ ಬೇಕಾಗಬಹುದು.

—

ವಾರಕ್ಕೆಮೂರು · ಮಂಗಳವಾರ ಸಂಜೆ 7:00

ದುಡ್ಡಿನ ಮಾತೂ ಒಂದೆರಡು ಸಾಲು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಈಗಲೇ ಮಾಡಿಸಿಟ್ಟುಕೊಳ್ಳಿ, ಹುಷಾರು ತಪ್ಪಿದ ರಾತ್ರಿ ಅಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಇದೆ ಅಂತ ಗೊತ್ತಿಲ್ಲದೆ ನಾನು ಮೊದಲ ಆರು ತಿಂಗಳು ಮೈಸೂರಿಗೆ ಅಲೆದೆ, ಎಮ್ಮೆ ಮಾರಿದೆ. ತೀರಿಹೋದವರು ದಾನ ಮಾಡಿದ ಕಿಡ್ನಿಯ ಕಸಿಗೆ ಕಾಯುವವರು ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯಲ್ಲಿ (ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ) ಹೆಸರು ಬರೆಸಬೇಕು. ಬರೆಸದೆ ಕಾದರೆ ಎಷ್ಟು ಕಾದರೂ ಪಾಳಿ ಬರುವುದಿಲ್ಲ. ನಾನು ಬರೆಸಿದ್ದು ಮೂರನೇ ವರ್ಷ. ಬಸ್ಸು ಹೋದ ಮೇಲೆ ಟಿಕೆಟ್ ತಗೊಂಡ ಹಾಗೆ.

—

ಕೊಪ್ಪದ_ಮಗಳು · ಭಾನುವಾರ ಸಂಜೆ 6:30

ಒಂದು ವಾರ ಆಯಿತು. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಪೊಟ್ಯಾಸಿಯಂ 4.9. ಕ್ರಿಯಾಟಿನಿನ್ 1.9. ದಾರೆಹುಳಿ ಉಪ್ಪಿನಕಾಯಿ ಭರಣಿ ಚಿಕ್ಕಮ್ಮನ ಮನೆಗೆ ಹೋಯಿತು.

ನಾನು ಮಾತಾಡೋಕೆ ಬಾಯಿ ತೆರೆದರೆ ಅಮ್ಮ ಕೈ ಹಿಡಿದು ಸುಮ್ಮನಿರಿಸಿದರು. ಹಾಲಿನ ಲೆಕ್ಕದ ಪುಸ್ತಕ ತಂದಿದ್ದರು. ಅದರ ಕೊನೆಯ ಹಾಳೆ ತೆಗೆದು "ಡಾಕ್ಟ್ರೇ, ನಾನು ಹೇಳುತ್ತೇನೆ, ನೀವು ತಿದ್ದಿ" ಅಂದರು. ಜರಡಿ ಅಂದರು. ಮಂಡಿ ನೋವಿಗೆ ಯಾವ ಮಾತ್ರೆ ಬೇಡ, ಪ್ಯಾರಾಸಿಟಮಾಲ್ ಆದರೆ ಎಷ್ಟು, ಅದನ್ನೂ ಕೇಳಿದರು. ಮಾತ್ರೆಗಳ ಹೆಸರು ಬಾರದೆ "ಬಿಳಿಯದು, ಉದ್ದದ್ದು" ಅಂದರು, ಆದರೆ ಹೊತ್ತು ತಪ್ಪಲಿಲ್ಲ. ಡಾಕ್ಟರ್ ಎರಡು ಕಡೆ ತಿದ್ದಿದರು. ಒಂದು, ಬೇಳೆ ಪೂರ್ತಿ ಬಿಟ್ಟಿದ್ದರಂತೆ, ನನಗೇ ಗೊತ್ತಿರಲಿಲ್ಲ. ಬಿಡಬೇಡಿ, ಅಳತೆಯಲ್ಲಿ ತಿನ್ನಿ ಅಂದರು. ಇನ್ನೊಂದು, ಬಿಪಿಯನ್ನು ಮನೆಯಲ್ಲೇ ನೋಡಿ ಅದೇ ಪುಸ್ತಕದಲ್ಲಿ ಬರೆಯಿರಿ ಅಂದರು.

ಒಂದು ಪ್ರಶ್ನೆ ಮಾತ್ರ ಬಸ್ ಹತ್ತಿದ ಮೇಲೆ ಅಮ್ಮನಿಗೆ ನೆನಪಾಯಿತು. ಪೂಜೆಗೆ ಕಾಯಿ ಒಡೆದಾಗ ಆ ನೀರನ್ನು ತೀರ್ಥದಷ್ಟು ಕುಡಿಯಬಹುದಾ ಅಂತ. ನಿಮ್ಮನ್ನು ಕೇಳು ಅಂದಿದ್ದಾರೆ.

—

ವಾರಕ್ಕೆಮೂರು · ಭಾನುವಾರ ಸಂಜೆ 6:52

ತೀರ್ಥ ಅಂದರೆ ಎಷ್ಟು ಅಂತ ಮೊದಲು ಅಮ್ಮನನ್ನು ಕೇಳು ತಂಗಿ. ನಮ್ಮಜ್ಜಿಯ ತೀರ್ಥ ಒಂದು ಲೋಟ ಇರುತ್ತಿತ್ತು.